ಟ್ಯಾಂಕಿಗೆ ಇಳಿದ ಸಗಣಿ ಎಷ್ಟು ದಿನ ಒಳಗಿರಬೇಕು?

ಪುನರ್ವಸು ಮಳೆ ಹಿಡಿದು ಒಂದು ವಾರವಾಗಿತ್ತು. ಬೆಳಗ್ಗೆ ದೋಸೆಗೆ ಕಾವಲಿ ಇಟ್ಟಿದ್ದೆ. ಮೂರನೇ ದೋಸೆ ಹುಯ್ಯುವಷ್ಟರಲ್ಲಿ ಗೋಬರ್ ಗ್ಯಾಸ್ ಒಲೆ ಪುಕ್ ಪುಕ್ ಎಂದು ಆರಿಹೋಯಿತು. ಮತ್ತೆ ಹಚ್ಚಿದೆ. ಮತ್ತೆ ಆರಿತು. ಮನೆ ತುಂಬ ನೆಂಟರು ಬೇರೆ.

"ಮಳೆಗಾಲದಲ್ಲಿ ಹಂಗೇ ಕಣೆ ಮಾರಾಯ್ತಿ, ಟ್ಯಾಂಕಿಗೂ ಚಳಿ ಆಗ್ತದೆ" ಅಂದರು ಅತ್ತೆ.

ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ಗೊತ್ತಾಗಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ದಾಟಿ ಸ್ವಲ್ಪ ಒಳಗೆ. ಎರಡು ಎಕರೆ ಅಡಿಕೆ, ಐದು ದನ. ಎರಡು ಜರ್ಸಿ ಕ್ರಾಸ್, ಮೂರು ಮಲೆನಾಡು ಗಿಡ್ಡ. ಟ್ಯಾಂಕು ದಿನಕ್ಕೆ 2 ಘನ ಮೀಟರ್ ಗ್ಯಾಸಿನ ಲೆಕ್ಕದ ದೀನಬಂಧು. ನೆಲದೊಳಗೆ ಇಟ್ಟಿಗೆಯ ಗುಮ್ಮಟ ಇರುವ ಈ ಮಾದರಿಯನ್ನು 1984ರಲ್ಲಿ ಆಫ್‌ಪ್ರೊ (AFPRO) ಎನ್ನುವ ಸಂಸ್ಥೆಯವರು ರೂಪಿಸಿದ್ದು. ಮಲೆನಾಡಿನಲ್ಲಿ ಈಗ ಬಹಳ ಕಡೆ ಕಾಣುವುದು ಇದೇ. ನಾನು ಬಿ.ಎಸ್ಸಿ. ಓದಿದವಳು. ಸೂಕ್ಷ್ಮಜೀವಿಗಳ ಪಾಠ ಪರೀಕ್ಷೆಗೆ ಓದಿ ಮರೆತಿದ್ದೆ. ಈ ಒಲೆ ಅದನ್ನು ಮತ್ತೆ ಓದಿಸಿತು.

ಗ್ಯಾಸ್ ಕಡಿಮೆಯಾದರೆ ಮೊದಲು ಸುಲಭದ್ದನ್ನೇ ನೋಡಿ. ಪೈಪಿನಲ್ಲಿ ನೀರು ಕಟ್ಟಿಕೊಂಡಿದೆಯಾ? ಕಟ್ಟಿದ್ದರೆ ಉರಿ ಕುಣಿಯುತ್ತದೆ, ನೀರು ಬಿಟ್ಟರೆ ಸರಿಯಾಗುತ್ತದೆ. ಬರ್ನರಿನ ತೂತು ಮುಚ್ಚಿದೆಯಾ? ಸೂಜಿ ಹಾಕಿ. ಪೈಪಿನ ಕೂಡುಗಳಿಗೆ ಸೋಪಿನ ನೀರು ಬಳಿಯಿರಿ, ಗುಳ್ಳೆ ಬಂದರೆ ಸೋರಿಕೆ. ನಾನು ಈ ಮೂರೂ ಮಾಡಿದೆ, ಏನೂ ಸಿಗಲಿಲ್ಲ. ರಿಪೇರಿಗೆ ಬಂದವರೊಬ್ಬರು ಗುಮ್ಮಟ ಬಿರುಕು ಬಿಟ್ಟಿದೆ, ಟ್ಯಾಂಕು ಪೂರ್ತಿ ಖಾಲಿ ಮಾಡಿ ಗಾರೆ ಬಳಿಯಬೇಕು ಎಂದರು. ಆ ಮಳೆಯಲ್ಲಿ 4 ಸಾವಿರ ಲೀಟರ್ ಬಗ್ಗಡ, ಅಂದರೆ ಸಗಣಿ ಕಲಸಿದ ನೀರು, ಎಲ್ಲಿಗೆ ಹೊರುವುದು? ಮಳೆ ಕಳೆಯಲಿ ನೋಡೋಣ ಎಂದು ಕಳಿಸಿದೆವು. ಗುಮ್ಮಟಕ್ಕೆ ಏನೂ ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

ತಂಗುವ ದಿನ ಎಂದರೆ

ಪುಸ್ತಕಗಳಲ್ಲಿ ಇದಕ್ಕೆ ರಿಟೆನ್ಷನ್ ಟೈಮ್ ಎನ್ನುತ್ತಾರೆ. ನಾನು ತಂಗುವ ದಿನ ಎನ್ನುತ್ತೇನೆ. ಇವತ್ತು ಹಾಕಿದ ಸಗಣಿ ಟ್ಯಾಂಕಿನೊಳಗೆ ಸರಾಸರಿ ಎಷ್ಟು ದಿನ ತಂಗಿ ಆಮೇಲೆ ಹೊರಗೆ ಬರುತ್ತದೆ ಎನ್ನುವ ಲೆಕ್ಕ ಅದು. ನಿಮ್ಮ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಬಗ್ಗಡ ಹಿಡಿಯುತ್ತದೋ ಅದನ್ನು ದಿನಕ್ಕೆ ಒಳಗೆ ಬೀಳುವ ಲೀಟರಿನಿಂದ ಭಾಗಿಸಿ. ಅಷ್ಟೆ.

ದೀನಬಂಧು ಟ್ಯಾಂಕು ಯಾವಾಗಲೂ ತುಂಬಿಯೇ ಇರುತ್ತದೆ. ಈ ಕಡೆ ಒಂದು ಬಕೆಟ್ ಹಾಕಿದರೆ ಆ ಕಡೆಯಿಂದ ಒಂದು ಬಕೆಟ್ ಹೊರಗೆ ಬರಲೇಬೇಕು. ಒಳಗಿದ್ದದ್ದು ಪೂರ್ತಿ ಕೊಳೆತಿದೆಯೋ ಇಲ್ಲವೋ ಎಂದು ಟ್ಯಾಂಕು ಕೇಳುವುದಿಲ್ಲ.

ಟ್ಯಾಂಕಿನ ಅಳತೆ ಗೊತ್ತಿಲ್ಲದಿದ್ದರೆ ಹೀಗೆ ಮಾಡಿ. ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ 25 ಕೆ.ಜಿ. ಸಗಣಿ ಬೇಕು, ಅದಕ್ಕೆ ಅಷ್ಟೇ ನೀರು. ಒಟ್ಟು 50 ಲೀಟರ್. 40 ದಿನದ ಲೆಕ್ಕಕ್ಕೆ ಕಟ್ಟಿದ್ದರೆ ಘನ ಮೀಟರಿಗೆ 2 ಸಾವಿರ ಲೀಟರ್ ಆಯಿತು. ನಮ್ಮದು 2 ಘನ ಮೀಟರ್, ಅಂದರೆ ಸುಮಾರು 4 ಸಾವಿರ. 200 ಲೀಟರಿನ ನೀಲಿ ಡ್ರಮ್ ಇಪ್ಪತ್ತು ಸಾಲಾಗಿ ಇಟ್ಟಂತೆ. ನಮ್ಮ ದೇಶದಲ್ಲಿ ಮನೆ ಟ್ಯಾಂಕುಗಳನ್ನು 30, 40, 55 ದಿನ ಎಂದು ಮೂರು ಲೆಕ್ಕದಲ್ಲಿ ಕಟ್ಟುತ್ತಾರೆ. ಸೆಕೆ ಇರುವ ಕಡೆಗೆ 30, ಚಳಿಯ ಗುಡ್ಡಗಾಡಿಗೆ 55. ಬಿಸಿಲಿನ ಊರಿನ ಲೆಕ್ಕವನ್ನು ತಂದು ಘಟ್ಟದ ತಲೆಯ ಮೇಲೆ ಕಟ್ಟಿಸಿದರೆ ಮಳೆಗಾಲದಲ್ಲಿ ಒದ್ದಾಡಬೇಕಾಗುತ್ತದೆ. ಹೊಸದಾಗಿ ಕಟ್ಟಿಸುವವರು ಎಷ್ಟು ಘನ ಮೀಟರ್ ಎಂದು ಮಾತ್ರ ಕೇಳುತ್ತಾರೆ. ಎಷ್ಟು ದಿನದ್ದು ಎಂದೂ ಕೇಳಿ.

ಇನ್ನು ದಿನಕ್ಕೆ ಎಷ್ಟು ಬೀಳುತ್ತದೆ ಎನ್ನುವುದು. ಇಲ್ಲೇ ನಾನು ಮೋಸ ಹೋಗಿದ್ದು. ಸಗಣಿಯನ್ನು ಒಂದು ವಾರ ತೂಕ ಮಾಡಿದೆ. ಜರ್ಸಿ ಕ್ರಾಸ್ ಎರಡಕ್ಕೆ 30 ಕೆ.ಜಿ. ಹತ್ತಿರ. ಗಿಡ್ಡಗಳು ಹಗಲೆಲ್ಲ ಬ್ಯಾಣಕ್ಕೆ ಮೇಯಲು ಹೋಗುತ್ತವೆ, ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯದ್ದು ಮಾತ್ರ. ಮೂರೂ ಸೇರಿ 10 ಕೆ.ಜಿ. ಒಟ್ಟು 40. ನೀರು 40. ದಿನಕ್ಕೆ 80 ಲೀಟರ್. ನಾಲ್ಕು ಸಾವಿರವನ್ನು 80ರಿಂದ ಭಾಗಿಸಿದರೆ 50 ದಿನ. ಬೇಕಾದಷ್ಟಾಯಿತು ಅಲ್ವಾ?

ಆದರೆ ಹಿಂದಿನ ವರ್ಷ ನಾವು ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿದ್ದೆವು. ಮೊದಲು ಹಾಸಿದ ಸೊಪ್ಪಿನ ಜೊತೆ ಸಗಣಿ ಬಾಚಿ ಗೊಬ್ಬರಗುಂಡಿಗೆ ಒಂದಿಷ್ಟು, ಟ್ಯಾಂಕಿಗೆ ಒಂದಿಷ್ಟು ಹಾಕುತ್ತಿದ್ದೆವು. ಸಿಮೆಂಟ್ ಬಂದ ಮೇಲೆ ಪೈಪ್ ಹಿಡಿದು ತೊಳೆಯುವುದು. ಆ ಚರಂಡಿ ನೇರ ಕಲಸುವ ತೊಟ್ಟಿಗೆ. ಬಗ್ಗಿ ಬಾಚುವ ಕೆಲಸವಿಲ್ಲ, ಸೊಂಟಕ್ಕೆ ಸುಖ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಆ ಪೈಪಿಗೆ 20 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿದೆ. 50 ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 24 ಲೀಟರ್. ಬೆಳಗ್ಗೆ ನಾಲ್ಕು ನಿಮಿಷ, ಸಂಜೆ ಮೂರು ನಿಮಿಷ ತೊಳೆಯುತ್ತಿದ್ದೆವು. 168 ಲೀಟರ್! 80ಕ್ಕೆ ಅದನ್ನು ಸೇರಿಸಿದರೆ ದಿನಕ್ಕೆ 248. ತಂಗುವ ದಿನ 50ರಿಂದ 16ಕ್ಕೆ ಇಳಿದಿತ್ತು. ಒಂದು ಹಿಡಿ ಸಗಣಿಯೂ ಹೆಚ್ಚಾಗಿರಲಿಲ್ಲ.

ಅದರ ಮೇಲೆ ಮಳೆ. ತೊಟ್ಟಿ ಇರುವುದು ಕೊಟ್ಟಿಗೆಯ ಸೂರಿನ ಕೆಳಗೆ, ಹೆಂಚಿನ ನೀರು ಬೀಳುವ ಮೂಲೆಯಲ್ಲಿ. ಅಂಗಳದಲ್ಲಿ ನೇರ ಗೋಡೆಯ ಡಬ್ಬ ಇಟ್ಟು ಸ್ಕೇಲಿನಲ್ಲಿ ಅಳೆದೆ. ಒಂದು ಹಗಲು ಒಂದು ರಾತ್ರಿಗೆ 11 ಸೆಂಟಿಮೀಟರ್. ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿಸುವ ಆಗುಂಬೆಯ ಮಗ್ಗುಲಲ್ಲಿ ಇದೇನೂ ದೊಡ್ಡ ಮಳೆಯಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ತೊಟ್ಟಿಯ ಕಡೆಗೆ ಇಳಿಯುವ ಹೆಂಚು ಸುಮಾರು 10 ಚದರ ಮೀಟರ್. 110 ಮಿಲಿಮೀಟರ್ ಬಿದ್ದರೆ 1,100 ಲೀಟರ್. ತೊಟ್ಟಿಯ ತೂತಿಗೆ ಬಿರಡೆ ಹಾಕುವ ಅಭ್ಯಾಸ ನಮಗಿರಲಿಲ್ಲ. ಒಂದೇ ದಿನದಲ್ಲಿ ಟ್ಯಾಂಕಿನ ಕಾಲು ಭಾಗಕ್ಕಿಂತ ಜಾಸ್ತಿ ತೊಳೆದುಹೋಗಿರಬೇಕು. ಇದನ್ನು ಕ್ಯಾಲೆಂಡರಿನ ಹಿಂದೆ ಬರೆದು ನೋಡಿದಾಗ ನನಗೇ ನಗು ಬಂತು. ನಾವು ಗ್ಯಾಸ್ ಟ್ಯಾಂಕು ಇಟ್ಟುಕೊಂಡಿರಲಿಲ್ಲ, ಸಗಣಿ ನೀರು ಹಾಯುವ ಕಾಲುವೆ ಇಟ್ಟುಕೊಂಡಿದ್ದೆವು.

ಒಳಗೆ ಇರುವವರು ಯಾರು

ಟ್ಯಾಂಕಿನೊಳಗೆ ಸಗಣಿ ನೇರವಾಗಿ ಗ್ಯಾಸ್ ಆಗುವುದಿಲ್ಲ. ಅಡಿಕೆ ಕೊಯ್ಲಿನ ಹಾಗೆ, ಕೈಯಿಂದ ಕೈಗೆ ಹೋಗುವ ಕೆಲಸ ಅದು. ಕೊನೆ ಇಳಿಸುವವರು, ಸುಲಿಯುವವರು, ಬೇಯಿಸುವವರು, ಒಣಗಿಸುವವರು ಎಲ್ಲ ಬೇರೆ ಬೇರೆ. ಇಲ್ಲೂ ಒಂದು ಗುಂಪು ನಾರನ್ನು ಒಡೆದು ಸಕ್ಕರೆಯಂಥದ್ದು ಮಾಡುತ್ತದೆ. ಎರಡನೆಯದು ಅದನ್ನು ತಿಂದು ಹುಳಿ, ಅಂದರೆ ಆಮ್ಲಗಳನ್ನು ಮಾಡುತ್ತದೆ. ಮೂರನೆಯದು ಆ ಹುಳಿಗಳನ್ನು ವಿನೆಗರಿನ ಆಮ್ಲಕ್ಕೆ ಮತ್ತು ಹೈಡ್ರೋಜನ್ನಿಗೆ ಇಳಿಸುತ್ತದೆ. ಕೊನೆಯ ಗುಂಪು ಇವೆರಡನ್ನು ತಿಂದು ಮೀಥೇನ್ ಬಿಡುತ್ತದೆ. ನಮ್ಮ ಒಲೆಯಲ್ಲಿ ಉರಿಯುವುದು ಅದು. ಒಳ್ಳೆಯ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಪಾಲು ಮೀಥೇನ್ ಇರುತ್ತದೆ. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್, ಅದು ಉರಿಯುವುದಿಲ್ಲ.

ಅತ್ತೆ ಇವೆಲ್ಲವನ್ನೂ ಒಟ್ಟಿಗೆ "ಹುಳ" ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಆದರೆ ಕೊನೆಯ ಗುಂಪು ಹುಳವಂತೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ಅವು ಆರ್ಕಿಯಾ ಎನ್ನುವ ಬೇರೆಯೇ ಕುಲ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇದನ್ನು ತೋರಿಸಿಕೊಟ್ಟರು. ಗಾಳಿ ತಾಗಿದರೆ ಅವುಗಳ ಕೆಲಸ ನಿಂತುಹೋಗುತ್ತದೆ.

ಈಗ ಮುಖ್ಯ ವಿಷಯ. ಹುಳಿ ಮಾಡುವ ಗುಂಪು ಕೆಲವೇ ಗಂಟೆಗಳಲ್ಲಿ ಒಂದಿದ್ದದ್ದು ಎರಡಾಗುತ್ತದೆ. ಮೀಥೇನ್ ಮಾಡುವವು ನಿಧಾನ. ವಿನೆಗರ್ ತಿನ್ನುವವುಗಳಲ್ಲಿ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು. ಮೀಥನೋಸಾರ್ಸಿನ ಸ್ವಲ್ಪ ಚುರುಕು, ಬೆಚ್ಚಗಿದ್ದರೆ ಒಂದೆರಡು ದಿನದಲ್ಲಿ ಎರಡರಷ್ಟಾಗುತ್ತದೆ. ಆದರೆ ಅದಕ್ಕೆ ತಟ್ಟೆ ತುಂಬ ಊಟ ಬೇಕು. ಮೀಥನೋಸೀಟ ಚೂರುಪಾರು ಆಮ್ಲವನ್ನೂ ಬಿಡದೆ ಬಳಿದು ತಿನ್ನುತ್ತದೆ. ಆದರೆ ಎರಡರಷ್ಟಾಗಲು ಅದಕ್ಕೆ ನಾಲ್ಕರಿಂದ ಒಂಬತ್ತು ದಿನ ಬೇಕು. ತಂಗುವ ದಿನ ಧಾರಾಳವಾಗಿದ್ದರೆ ಎರಡನೆಯದು ನೆಲೆ ನಿಲ್ಲುತ್ತದೆ, ಕೊನೆಗೆ ಬರುವ ಬಗ್ಗಡ ಪೂರ್ತಿ ಕಳಿತಿರುತ್ತದೆ. ದಿನ ಕಡಿಮೆಯಾದರೆ ಮೊದಲು ಕೊಚ್ಚಿಹೋಗುವುದು ಇದೇ. ಇಂಥ ಟ್ಯಾಂಕುಗಳಲ್ಲಿ ಮೀಥೇನಿನ ಮೂರನೇ ಎರಡು ಪಾಲು ವಿನೆಗರಿನ ಆಮ್ಲದಿಂದಲೇ ಬರುತ್ತದೆ. ಆ ಗುಂಪು ಹೋದರೆ ಒಲೆಯಲ್ಲಿ ಗೊತ್ತಾಗದೆ ಇರುತ್ತದೆಯೇ?

ನನ್ನ ಕ್ಯಾಲೆಂಡರ್ ಲೆಕ್ಕ ನೋಡಿ. ತಂಗುವ ದಿನ 50 ಇದ್ದರೆ ದಿನಕ್ಕೆ ಟ್ಯಾಂಕಿನ ಐವತ್ತನೇ ಒಂದು ಭಾಗ ಹೊರಗೆ ಹೋಗುತ್ತದೆ, ಶೇಕಡ 2. ಹುಳಗಳೂ ಅದರ ಜೊತೆಗೆ ಶೇಕಡ 2 ಹೋಗುತ್ತವೆ. 16 ದಿನಕ್ಕೆ ಇಳಿದರೆ ಶೇಕಡ 6. ಇನ್ನು ಮಳೆಗಾಲದ ತಂಪಿನಲ್ಲಿ ಇವು 10 ದಿನಕ್ಕೊಮ್ಮೆ ಎರಡರಷ್ಟಾಗುತ್ತವೆ ಎಂದಿಟ್ಟುಕೊಳ್ಳಿ. ಅಂದರೆ ದಿನಕ್ಕೆ ಸುಮಾರು ಶೇಕಡ 7ರ ಬೆಳವಣಿಗೆ. ಏಳು ಹುಟ್ಟಿ ಎರಡು ಹೋದರೆ ಸಂಸಾರ ಹೇಗೋ ನಡೆಯುತ್ತದೆ. ಏಳು ಹುಟ್ಟಿ ಆರು ಹೋದರೆ ಕತ್ತಿಯ ಅಂಚು. ಆಮೇಲೆ ಒಂದು ರಾತ್ರಿ ಮಳೆ ಬಂದು ನೂರಕ್ಕೆ ಇಪ್ಪತ್ತೈದನ್ನು ಒಟ್ಟಿಗೆ ಎತ್ತಿಕೊಂಡು ಹೋದರೆ?

ಅತ್ತೆ ಹೇಳಿದ ಚಳಿಯೂ ಇಲ್ಲೇ ಸೇರುತ್ತದೆ. ಈ ಜೀವಿಗಳಿಗೆ 35 ಡಿಗ್ರಿ ಅಂದರೆ ಹಬ್ಬ. 10 ಡಿಗ್ರಿ ಇಳಿದರೆ ಕೆಲಸದ ವೇಗ ಸುಮಾರಾಗಿ ಅರ್ಧಕ್ಕೆ ಬರುತ್ತದೆ. ಬಕೆಟಿಗೆ ಬಂದ ಬಗ್ಗಡಕ್ಕೆ ಥರ್ಮಾಮೀಟರ್ ಅದ್ದಿ ನೋಡಿದ್ದೆ. ಏಪ್ರಿಲ್‌ನಲ್ಲಿ 28, ಜುಲೈನಲ್ಲಿ 23. ಚಳಿ ಇದ್ದಾಗ ಹುಳಗಳಿಗೆ ಜಾಸ್ತಿ ದಿನ ಬೇಕು. ನಾವು ಕೊಡುತ್ತಿದ್ದದ್ದು ಕಡಿಮೆ ದಿನ.

ಇಲ್ಲಿ ಒಂದು ಚೋದ್ಯ ಹೇಳಬೇಕು. ಹಸುವಿನ ದೊಡ್ಡ ಹೊಟ್ಟೆಯೂ ಇಂಥದ್ದೇ ಟ್ಯಾಂಕು. ಆದರೆ ಅಲ್ಲಿ ಮೇವು ತಂಗುವುದು ಒಂದೆರಡು ದಿನ ಮಾತ್ರ. ಹಾಗಾಗಿ ವಿನೆಗರ್ ತಿನ್ನುವ ನಿಧಾನದ ಗುಂಪಿಗೆ ಅಲ್ಲಿ ನೆಲೆ ಸಿಗುವುದೇ ಇಲ್ಲ. ಹೈಡ್ರೋಜನ್ ತಿಂದು ಮೀಥೇನ್ ಬಿಡುವ ಚುರುಕಿನವು ಮಾತ್ರ ಉಳಿಯುತ್ತವೆ. ಆಮ್ಲವೆಲ್ಲ ಹಸುವಿಗೇ ದಕ್ಕುತ್ತದೆ. ನಮ್ಮ ಕೆಂಪಿ ಒಣಹುಲ್ಲು ತಿಂದು ಬದುಕುವುದು, ಹಾಲು ಕೊಡುವುದು ಆ ಆಮ್ಲದ ಬಲದಲ್ಲಿ. ನಿಧಾನದ ಗುಂಪು ಅವಳ ಹೊಟ್ಟೆಯಲ್ಲಿ ಬೇರು ಬಿಟ್ಟಿದ್ದರೆ ಊಟವೆಲ್ಲ ಗ್ಯಾಸಾಗಿ ಹೋಗುತ್ತಿತ್ತು. ತಂಗುವ ದಿನ ಕಡಿಮೆ ಇರುವುದು ಹಸುವಿಗೆ ಲಾಭ, ನಮಗೆ ನಷ್ಟ. ಹೊಸ ಟ್ಯಾಂಕಿಗೆ ಬರೀ ಸಗಣಿ ತುಂಬಿದರೆ ಗ್ಯಾಸ್ ಹಿಡಿಯಲು ವಾರಗಟ್ಟಲೆ ಬೇಕಾಗುವುದಕ್ಕೆ ಇದೂ ಒಂದು ಕಾರಣ. ಸಗಣಿಯಲ್ಲಿ ಆ ಗುಂಪಿನ ಬೀಜ ಕಡಿಮೆ.

ನಾವು ಮಾಡಿದ್ದು, ನೀವು ಮಾಡಬಹುದಾದದ್ದು

ಮೊದಲು ಬಾಚಿ, ಆಮೇಲೆ ತೊಳೆಯಿರಿ. ಈಗ ನಾವು ಸಲಿಕೆಯಲ್ಲಿ ಸಗಣಿ ಎತ್ತಿ ಬಕೆಟಿಗೆ ಹಾಕಿಕೊಳ್ಳುತ್ತೇವೆ. ಆಮೇಲೆ ಚರಂಡಿಯ ಬಾಯಿಗೆ ಒಂದು ಹಲಗೆ ಅಡ್ಡ ಇಟ್ಟು ತೊಳೆದ ನೀರನ್ನು ತೋಟಕ್ಕೆ ತಿರುಗಿಸುತ್ತೇವೆ. ಅಡಿಕೆ ಮರಕ್ಕೆ ಅದೇನೂ ದಂಡವಲ್ಲ. ನಮ್ಮ ಮನೆಯವರಿಗೆ ಮೊದಲು ಇದು ಹಿಡಿಸಲಿಲ್ಲ. ಇಷ್ಟು ಖರ್ಚು ಮಾಡಿ ಸಿಮೆಂಟ್ ಹಾಕಿಸಿ ಮತ್ತೆ ಸಲಿಕೆಯಾ ಎಂದರು. ಗ್ಯಾಸ್ ಸಿಲಿಂಡರಿನ ಚೀಟಿ ತೋರಿಸಿದೆ, ಸುಮ್ಮನಾದರು.

ನೀರನ್ನು ಅಳೆದೇ ಹಾಕಿ. ಒಂದು ಬಕೆಟ್ ಸಗಣಿಗೆ ಒಂದು ಬಕೆಟ್ ನೀರು ಎನ್ನುವುದು ಹಳೆಯ ಲೆಕ್ಕ, ಒಳ್ಳೆಯ ಲೆಕ್ಕ. ಆದರೆ ಜರ್ಸಿ ಕ್ರಾಸ್ ಹಸಿಹುಲ್ಲು ತಿಂದು ಹಾಕಿದ ಸಗಣಿಯಲ್ಲೇ ನೀರು ಜಾಸ್ತಿ, ಗಂಜಲವೂ ಸೇರಿರುತ್ತದೆ. ಅದಕ್ಕೆ ಮುಕ್ಕಾಲು ಬಕೆಟ್ ಸಾಕು. ಬೇಸಿಗೆಯಲ್ಲಿ ಗಿಡ್ಡಗಳ ಗಟ್ಟಿ ಸಗಣಿಗೆ ಒಂದೂಕಾಲು ಬೇಕಾಗಬಹುದು. ಕೈ ಅದ್ದಿ ನೋಡಿ. ನೀರುದೋಸೆ ಹಿಟ್ಟಿನಂತೆ ಜಾರಿಹೋದರೆ ನೀರು ಜಾಸ್ತಿ. ಉದ್ದಿನ ದೋಸೆ ಹಿಟ್ಟಿನಂತೆ ಕೈಗೆ ತೆಳ್ಳಗೆ ಹತ್ತಿಕೊಂಡು ನಿಧಾನ ಇಳಿಯಬೇಕು. ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾದರೆ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ, ಒಳಗೆ ಮೇಲೆ ಕೆನೆ ಕಟ್ಟುತ್ತದೆ.

ತೊಟ್ಟಿಗೆ ಮುಚ್ಚಳ ಮಾಡಿ. ನಾವು ಅಡಿಕೆ ದಬ್ಬೆಯಿಂದ ಚೌಕಟ್ಟು ಕಟ್ಟಿ ಮೇಲೆ ಒಂದು ಹಳೇ ತಗಡು ಹೊಡೆದೆವು. ಸೂರಿನ ನೀರಿಗೆ ಅರ್ಧ ಸೀಳಿದ ಪಿವಿಸಿ ಪೈಪ್ ಕಟ್ಟಿ ಆಚೆಗೆ ಬಿಟ್ಟೆವು. ತೊಟ್ಟಿಯ ಗೋಡೆ ನೆಲದ ಮಟ್ಟಕ್ಕಿದ್ದರೆ ಎರಡು ವರಸೆ ಇಟ್ಟಿಗೆ ಏರಿಸಿ, ಇಲ್ಲವಾದರೆ ಅಂಗಳದ ನೀರು ನುಗ್ಗುತ್ತದೆ. ತೂತಿಗೆ ಬಿರಡೆ ಹಾಕಿ. ನಮ್ಮದು ಹಳೆ ಗೋಣಿ ಸುತ್ತಿದ ಮರದ ಗುಟ್ಟ, ಅಷ್ಟೇ. ಸಗಣಿ ಕಲಸಿದ ಮೇಲೆ ಎಳೆಯುವುದು, ಇಳಿದ ಮೇಲೆ ಹಾಕುವುದು. ಬಗ್ಗಡ ಹೊರಬರುವ ಗುಂಡಿಗೂ ಕಲ್ಲುಚಪ್ಪಡಿ ಇರಲೇಬೇಕು. ಅದು ಮಳೆಗಿಂತ ಹೆಚ್ಚಾಗಿ ಮಕ್ಕಳು, ಕರುಗಳು ಬೀಳದಂತೆ.

ಇಷ್ಟು ಮಾಡಿದ ಕೂಡಲೇ ಉರಿ ಬರುವುದಿಲ್ಲ. ಹೊರಗೆ ಹೋದ ಹುಳಗಳು ಮತ್ತೆ ಬೆಳೆಯಬೇಕು. ನಾವು ಐದು ದಿನ ಏನೂ ಹಾಕಲಿಲ್ಲ. ಆಮೇಲೆ ಪಕ್ಕದ ಮನೆಯ ಚೆನ್ನಾಗಿ ಉರಿಯುವ ಟ್ಯಾಂಕಿನಿಂದ ಹತ್ತು ಬಕೆಟ್ ಬಗ್ಗಡ ತಂದು ಹಾಕಿದೆವು. ಹೆಪ್ಪು ಹಾಕಿದ ಹಾಗೆ. ಬಗ್ಗಡ ಬೇಕು ಎಂದು ಕೇಳಲು ಹೋದಾಗ ಆ ಮನೆಯ ಅಕ್ಕ ನಕ್ಕು ನಕ್ಕು ಸುಸ್ತಾದರು. "ಮಜ್ಜಿಗೆ ಕೇಳೋದು ಕೇಳಿದ್ದೆ, ಇದೇನೆ ಇದು" ಎಂದರು. ಎರಡು ವಾರ ದಿನಕ್ಕೆ 20 ಕೆ.ಜಿ. ಸಗಣಿ ಮಾತ್ರ ಹಾಕಿದೆವು, ಅದಕ್ಕೆ ಅಷ್ಟೇ ನೀರು. ನಾಲ್ಕು ಸಾವಿರವನ್ನು 40ರಿಂದ ಭಾಗಿಸಿದರೆ ತಂಗುವ ದಿನ 100. ಮಿಕ್ಕ ಸಗಣಿ ಗೊಬ್ಬರಗುಂಡಿಗೆ. ಆಮೇಲೆ ನಿಧಾನ 30ಕ್ಕೆ, 40ಕ್ಕೆ ಏರಿಸಿದೆವು. ಗ್ಯಾಸ್ ಕಡಿಮೆ ಎಂದು ಜಾಸ್ತಿ ಸಗಣಿ ತುರುಕುವುದೇ ಎಲ್ಲರೂ ಮಾಡುವ ತಪ್ಪು. ತಿನ್ನುವವರು ಇಲ್ಲದ ಮನೆಯಲ್ಲಿ ಅಡುಗೆ ಜಾಸ್ತಿ ಮಾಡಿದರೆ ಹಳಸುತ್ತದೆ ಅಷ್ಟೆ.

ಗ್ಯಾಸನ್ನು ಅಳೆಯಲು ಮೀಟರ್ ಬೇಡ. ಒಲೆ ಒಟ್ಟು ಎಷ್ಟು ಹೊತ್ತು ಉರಿಯಿತು ಎಂದು ದಿನಾ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದು ಕೆ.ಜಿ. ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. ನಮ್ಮ 40 ಕೆ.ಜಿ.ಗೆ 1,600 ಲೀಟರ್. ಒಂದು ಒಲೆ ಗಂಟೆಗೆ 450 ಲೀಟರ್ ತಿನ್ನುತ್ತದೆ. ಮೂರೂವರೆ ಗಂಟೆ ಬರಬೇಕು. ಜುಲೈಯಲ್ಲಿ ನನಗೆ ಸಿಗುತ್ತಿದ್ದದ್ದು ಒಂದು ಗಂಟೆ. ಮುಚ್ಚಳ ಹಾಕಿ ಹೆಪ್ಪು ಕೊಟ್ಟ ಐದನೇ ವಾರಕ್ಕೆ ಎರಡೂಮುಕ್ಕಾಲು. ಮಳೆಗಾಲದಲ್ಲಿ ಅದಕ್ಕಿಂತ ಜಾಸ್ತಿ ಕೇಳುವುದು ದುರಾಸೆ.

ಹೊರಗೆ ಬಂದ ಬಗ್ಗಡವೂ ಮಾತಾಡುತ್ತದೆ. ಚೆನ್ನಾಗಿ ತಂಗಿ ಬಂದದ್ದು ಕಪ್ಪಗಿರುತ್ತದೆ, ಸಗಣಿ ವಾಸನೆ ಇರುವುದಿಲ್ಲ, ನೊಣ ಕೂರುವುದಿಲ್ಲ. ಹಸಿ ಸಗಣಿ ವಾಸನೆ ಇದ್ದು, ಹುಲ್ಲಿನ ಎಳೆ ಹಾಗೇ ಕಾಣುತ್ತಿದ್ದು, ಗುಂಡಿಯಲ್ಲೂ ಗುಳ್ಳೆ ಏಳುತ್ತಿದ್ದರೆ ಅದು ಅರ್ಧಕ್ಕೇ ಎದ್ದು ಬಂದಿದೆ. ನಿಮ್ಮ ಗ್ಯಾಸು ಗುಂಡಿಯಲ್ಲಿ ಹೋಗುತ್ತಿದೆ. ಹುಳಿ ವಾಸನೆ ಬಂದರೆ ಇನ್ನೂ ಜಾಗ್ರತೆ. ಪಿಎಚ್ ಕಾಗದ ಅದ್ದಿ, 6.8ರಿಂದ 7.5ರ ಒಳಗಿದ್ದರೆ ಸರಿ. 6.5ಕ್ಕಿಂತ ಕೆಳಗಿದ್ದರೆ ಹಾಕುವುದನ್ನು ನಿಲ್ಲಿಸಿ. ಬರೀ ಸಗಣಿಯ ಟ್ಯಾಂಕು ಅಷ್ಟು ಸುಲಭಕ್ಕೆ ಹುಳಿಯುವುದಿಲ್ಲ. ಮದುವೆ ಮನೆಯ ಉಳಿದ ಅನ್ನ, ಹಲಸಿನ ಕಾಲದಲ್ಲಿ ಬುಟ್ಟಿಗಟ್ಟಲೆ ಸಿಪ್ಪೆ ಸುರಿದವರ ಟ್ಯಾಂಕು ಹುಳಿಯುತ್ತದೆ. ಹುಳಿ ಮಾಡುವವು ಗಂಟೆಗಳಲ್ಲಿ ಹೆಚ್ಚುತ್ತವೆ, ತಿನ್ನುವವು ದಿನಗಳಲ್ಲಿ. ಆ ಓಟದಲ್ಲಿ ಗೆಲ್ಲುವುದು ಯಾರು ಎಂದು ಬೇರೆ ಹೇಳಬೇಕಾ?

ಬೇರೆ ಕಾಲಕ್ಕೆ ಬೇರೆ ಲೆಕ್ಕ

ಪುಷ್ಯ ಮಾಘದ ಚಳಿಯಲ್ಲಿ ನಾನು ಸಗಣಿಯನ್ನು ಬೆಳಗ್ಗೆ ಆರಕ್ಕೆ ಕಲಸುವುದಿಲ್ಲ. ಬಿಸಿಲು ಏರಿದ ಮೇಲೆ, ಬಚ್ಚಲ ಹಂಡೆಯಲ್ಲಿ ಉಳಿದ ಉಗುರುಬೆಚ್ಚಗಿನ ನೀರಿನಲ್ಲಿ ಕಲಸುತ್ತೇನೆ. ಕುದಿಯುವ ನೀರು ಬೇಡವೇ ಬೇಡ. ಗುಮ್ಮಟದ ಮೇಲಿನ ಮಣ್ಣಿನ ಮೇಲೆ ದರಕು, ಸೊಪ್ಪು, ಗೊಬ್ಬರ ರಾಶಿ ಹಾಕುತ್ತೇವೆ. ಅದು ಕೊಳೆಯುವಾಗ ಬಿಸಿಯಾಗುತ್ತದೆ, ಟ್ಯಾಂಕಿಗೆ ಕಂಬಳಿ ಹೊದಿಸಿದ ಹಾಗೆ.

ಏಪ್ರಿಲ್‌ನಲ್ಲಿ ಬಾವಿಯ ನೀರು ತಳ ಕಂಡಾಗ ಕಲಸಲು ಅರ್ಧ ಹೊಸ ನೀರು, ಅರ್ಧ ಹೊರಗೆ ಬಂದ ತೆಳು ಬಗ್ಗಡ ಬಳಸುತ್ತೇನೆ. ನೀರೂ ಉಳಿಯಿತು, ಹೊರಗೆ ಹೋದ ಹುಳಗಳೂ ವಾಪಸ್ ಮನೆಗೆ ಬಂದವು. ಇದು ನನಗೆ ಬಹಳ ಇಷ್ಟದ ಉಪಾಯ. ದೊಡ್ಡ ಕೊಳಚೆ ಶುದ್ಧಿ ಘಟಕಗಳಲ್ಲಿ ನೀರು ಕೆಲವೇ ಗಂಟೆ ತಂಗಿದರೂ ಕೆಲಸ ನಡೆಯುತ್ತದೆ. 1970ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಗಾಟ್ಸೆ ಲೆಟ್ಟಿಂಗ ತಂಡದವರು ಬೆಳೆಸಿದ ವಿಧಾನ ಅದು. ಹುಳಗಳು ಕಾಳಿನಂತೆ ಗಂಟು ಕಟ್ಟಿಕೊಂಡು ತಳಕ್ಕೆ ಕೂರುತ್ತವೆ, ನೀರು ಮಾತ್ರ ಹೋಗುತ್ತದೆ. ನೀರು ತಂಗುವ ದಿನ ಬೇರೆ, ಹುಳ ತಂಗುವ ದಿನ ಬೇರೆ. ನಮ್ಮ ಸಗಣಿ ಟ್ಯಾಂಕಿನಲ್ಲಿ ಎರಡೂ ಒಟ್ಟಿಗೆ ಹೊರಡುತ್ತವೆ. ಇದನ್ನು ಹೇಳಿದ್ದೇ ತಡ, ನಮ್ಮ ಮನೆಯವರು ಹುಳ ಕಚ್ಚಿಕೊಳ್ಳಲಿ ಎಂದು ಅಡಿಕೆ ಸಿಪ್ಪೆ ಹಾಕೋಣ ಎಂದರು. ನಾನು ಒಪ್ಪಲಿಲ್ಲ. ಸಿಪ್ಪೆ ತೇಲಿ ದಪ್ಪ ಕೆನೆ ಕಟ್ಟುತ್ತದೆ, ಆಮೇಲೆ ಅದನ್ನು ತೆಗೆಯುವವರು ಯಾರು?

ತಂಗುವ ದಿನ ಜಾಸ್ತಿಯಾದರೆ ಏನೂ ಕೆಡುವುದಿಲ್ಲ. ದನ ಮಾರಿದ ಮನೆಗಳಲ್ಲಿ ದಿನಕ್ಕೆ 15 ಕೆ.ಜಿ. ಹಾಕಿ 130 ದಿನ ತಂಗಿಸುತ್ತಾರೆ. ಗ್ಯಾಸ್ ಕಡಿಮೆ ಬರುತ್ತದೆ, ಸಗಣಿಯೇ ಕಡಿಮೆ ಇರುವುದರಿಂದ.

ಕೊಟ್ಟಿಗೆ ಚರಂಡಿಗೆ ಬೇರೆ ಏನು ಸೇರುತ್ತದೆ ಎಂದೂ ನೋಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವುದು ಮಳೆಗಾಲದಲ್ಲೇ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಔಷಧಿ ಹೊಡೆಯುವವರು ಸಂಜೆ ಡ್ರಮ್ಮು, ಪೈಪು ತೊಳೆಯುವುದು ಎಲ್ಲಿ? ನಲ್ಲಿ ಇರುವ ಕೊಟ್ಟಿಗೆಯಲ್ಲಿ. ತಾಮ್ರ ಶಿಲೀಂಧ್ರಕ್ಕೆ ಹೇಗೆ ವಿಷವೋ ಟ್ಯಾಂಕಿನ ಹುಳಗಳಿಗೂ ಹಾಗೇ. ಫಿನಾಯಿಲ್, ಅಡಿಕೆ ಬೇಯಿಸಿದ ಚೊಗರು ಕೂಡ ಅತ್ತ ಬಿಡಬೇಡಿ.

ತಳದ ಹೂಳು

ಒಂದು ವಿಷಯ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. 4 ಸಾವಿರ ಲೀಟರ್ ಎನ್ನುವುದು ಕಟ್ಟಿದ ದಿನದ ಅಳತೆ. ವರ್ಷಗಳು ಕಳೆದಂತೆ ಮರಳು, ಮಣ್ಣು ತಳದಲ್ಲಿ ಕೂರುತ್ತದೆ. ಗಿಡ್ಡಗಳ ಗೊರಸಿನಲ್ಲಿ ಬರುವ ಕೆಮ್ಮಣ್ಣೇ ಸಾಕು. ಹೂಳು ಕಾಲು ಭಾಗ ತುಂಬಿದರೆ ಟ್ಯಾಂಕು 3 ಸಾವಿರ ಲೀಟರಿನದ್ದಾಯಿತು. 50 ದಿನ ಎಂದುಕೊಂಡಿದ್ದು 37 ಆಯಿತು.

ಹೊರಗುಂಡಿಯ ಕಡೆಯಿಂದ ಒಂದು ಉದ್ದದ ಬಿದಿರು ಗಳ ಇಳಿಸಿ. ಮೊದಲು ಸಲೀಸಾಗಿ ಹೋಗುತ್ತದೆ. ಹೂಳು ಸಿಕ್ಕಿದ ಕಡೆ ತಡೆಯುತ್ತದೆ. ಅಲ್ಲಿ ಗುರುತು ಮಾಡಿ, ಒತ್ತಿ ಗಟ್ಟಿ ನೆಲ ಮುಟ್ಟಿಸಿ, ಮತ್ತೆ ಗುರುತು ಮಾಡಿ. ನಡುವಿನ ಅಂತರವೇ ಹೂಳು. ಆ ಹೊತ್ತಿಗೆ ಹತ್ತಿರ ಬೀಡಿ, ಬೆಂಕಿ, ದೀಪ ಏನೂ ಇರಬಾರದು. ಹೂಳು ತೆಗೆಯಲು ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ವಿಷದ ಗಾಳಿ ಇರುತ್ತದೆ. ಒಬ್ಬರು ಬಿದ್ದರೆ ಎತ್ತಲು ಹೋದವರೂ ಬೀಳುತ್ತಾರೆ. ಮೇಲಿನಿಂದಲೇ ಪಂಪಿನಲ್ಲಿ ಎಳೆಸಿ.

ಹೋದ ಬೇಸಿಗೆಯಲ್ಲಿ ನಾನು ಗಳ ಇಳಿಸಿದಾಗ ನಮ್ಮದರಲ್ಲಿ ಒಂದು ಗೇಣು ಹೂಳಿತ್ತು. ಸದ್ಯಕ್ಕೆ 3,500 ಲೀಟರ್ ಎಂದು ಹಿಡಿದಿದ್ದೇನೆ. 80ರಿಂದ ಭಾಗಿಸಿ ಕ್ಯಾಲೆಂಡರಿನಲ್ಲಿ 43 ಎಂದು ಬರೆದಿದ್ದೇನೆ. ಆ ಗಳ ಈಗ ಕೊಟ್ಟಿಗೆಯ ಅಟ್ಟದಲ್ಲಿದೆ. ಅತ್ತೆ ಅದಕ್ಕೆ ಮಡಿ ಬಟ್ಟೆ ಹಾಕಲು ಹೋಗಿದ್ದರು, ಕೂಗಿ ನಿಲ್ಲಿಸಿದೆ.